ಕೆಂಜೆಬೆಕ್ ಹೇಳಿದ ತೂಕ

ತರಾಜ್ ಊರಿನ ದನದ ಸಂತೆಯಲ್ಲಿ ಕೆಂಜೆಬೆಕ್‌ನ ಕೈಯೇ ತಕ್ಕಡಿ. ಕುರಿಯ ಎದೆಗೊಂದು ಕೈ, ಹಿಂಗಾಲಿಗೊಂದು ಕೈ ಕೊಟ್ಟು ಎತ್ತಿ ಇಳಿಸಿ ಅವನು ತೂಕ ಹೇಳಿದನೆಂದರೆ ಕೊಳ್ಳುವವನೂ ಮಾರುವವನೂ ಚೌಕಾಸಿ ಬಿಡುತ್ತಿದ್ದರು. ಒಮ್ಮೆ ಸ್ವಂತ ತಮ್ಮನ ಕುರಿಯನ್ನೇ ಎಲ್ಲರೆದುರು ಬಡಕಲು ಎಂದುಬಿಟ್ಟ. ತಮ್ಮ ಬಹಳ ಕಾಲ ಮಾತು ಬಿಟ್ಟ. ಹಾಗಂತ ಅವನೇನು ಸಂತನಲ್ಲ. ಹೆಂಡತಿ ಕುಲ್ಯಾಶ್‌ಗೆ ಹೆದರಿ ಸಿಗರೇಟು ಬಚ್ಚಿಡುತ್ತಿದ್ದ, ಕೇಳಿದರೆ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳುತ್ತಿದ್ದ. ತೂಕದ ವಿಷಯದಲ್ಲಿ ಮಾತ್ರ ಅವನ ಬಾಯಿಂದ ಸುಳ್ಳು ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಇವನ ಮಗಳು ಜಾನ್ಸಾಯಾಗೆ ಬೇಕರಿಯಲ್ಲಿ ಕೆಲಸ, ಹುಚ್ಚು ಮಾತ್ರ ಕಂಪ್ಯೂಟರ್ ಆಟದ್ದು. ಬೇರೆ ಬೇರೆ ಊರಿನ ಐದು ಹುಡುಗಿಯರ ತಂಡ ಅವಳದು. ಮೊದಮೊದಲು ಊರಿನ ಕ್ಲಬ್ಬಿಗೆ ಹೋಗಿ ಆಡುತ್ತಿದ್ದಳು. ಅಲ್ಲಿನ ಹುಡುಗರು, "ಏನಕ್ಕಾ, ಚಹಾ ಮಾಡೋಕೆ ಬಂದ್ರಾ?" ಅಂತ ಕಿಚಾಯಿಸುವುದು ಸಾಲದೆಂಬಂತೆ, ಕತ್ತಲಾದ ಮೇಲೆ ಅಲ್ಲಿರಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆ. ಸರಿ, ಮನೆಯಲ್ಲೇ ಒಂದು ಕಂಪ್ಯೂಟರ್ ಕಟ್ಟಿಕೊಳ್ಳುತ್ತೇನೆಂದು ಹಟಕ್ಕೆ ಬಿದ್ದಳು.

ಹೊಸದರ ಮಾತೇ ಇಲ್ಲ. ಎಲ್ಲೋ ಕಚೇರಿಯಲ್ಲಿ ದುಡಿದು ಮೂಲೆ ಸೇರಿದ ಸರ್ವರಿನ ಪ್ರೊಸೆಸರು, ಅದಕ್ಕೆ ಹೊಂದುವ ಅಗ್ಗದ ಚೀನೀ ಮದರ್‌ಬೋರ್ಡು. ಇವನ್ನೆಲ್ಲ ಕೂರಿಸುವ ಡಬ್ಬವನ್ನು ಅಪ್ಪನೇ ಗುಜರಿಯಿಂದ ಕುರಿಗಾಡಿಯಲ್ಲಿ ಹಾಕಿಕೊಂಡು ಬಂದ; ಎಷ್ಟು ತೊಳೆದರೂ ಅದರ ಟಗರಿನ ವಾಸನೆ ಹೋಗಲಿಲ್ಲ. ಮೊದಲು ಹಾಕಿದ ತೆಳ್ಳನೆಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಚಿತ್ರ ತಡವರಿಸಿ, ಶತ್ರು ಕಣ್ಣಿಗೆ ಬೀಳುವಷ್ಟರಲ್ಲಿ ಇವಳು ಸತ್ತಿರುತ್ತಿದ್ದಳು. ಆಮೇಲೆ, ಕೊಟ್ಟಿಗೆ ತುಂಬ ಯಂತ್ರ ಓಡಿಸಿ ಡಿಜಿಟಲ್ ನಾಣ್ಯ ಗಳಿಸಲು ಹೋಗಿ ಕೈಸುಟ್ಟುಕೊಂಡವನೊಬ್ಬ ದಪ್ಪ ಕಾರ್ಡೊಂದನ್ನು ಅಗ್ಗಕ್ಕೆ ಬಿಟ್ಟುಕೊಟ್ಟ. ಒಳಗೆಲ್ಲ ಧೂಳು, ಒಂದು ಫ್ಯಾನು ತಿರುಗುತ್ತಲೇ ಇರಲಿಲ್ಲ. ಜಾನ್ಸಾಯಾ ಬಿಸಿ ತಗ್ಗಿಸಲು ಹಚ್ಚುವ, ಈಗ ಒಣಗಿದ್ದ ಪೇಸ್ಟು ಕೆರೆದು ಹೊಸದು ಬಳಿದು, ಫ್ಯಾನಿಗೆ ಎಣ್ಣೆ ಬಿಟ್ಟು, ಅದಕ್ಕೆ ಜೀವ ಬರಿಸಿದಳು.

ಒಂದೊಂದು ಭಾಗ ಒಳಗೆ ಸೇರಿದಾಗಲೂ ಕೆಂಜೆಬೆಕ್ ಬಂದು ಡಬ್ಬವನ್ನು ಎತ್ತಿ ನೋಡುತ್ತಿದ್ದ.

"ಏನ್ ಮೇವು ಹಾಕ್ತೀಯೇ ಇದಕ್ಕೆ? ಮೈ ಹಿಡೀತಾ ಇದೆ!"

"ಕೋಕೆ, ಅದು ಕುರಿಯಲ್ಲ!" ಅಪ್ಪನನ್ನು ಅವಳು ಕೋಕೆ ಎಂದೇ ಕರೆಯುತ್ತಿದ್ದಳು.

ದಪ್ಪ ಕಾರ್ಡು ಕೂತ ದಿನ ಅವನು ಎತ್ತಿ, ಇಳಿಸಿ, ತೃಪ್ತಿಯಿಂದ ತಲೆಯಾಡಿಸಿದ. "ಈಗ ನೋಡು, ಹಬ್ಬಕ್ಕೆ ಕೊಯ್ಯೋ ಹಾಗಾಯ್ತು." ಆ ಹೊತ್ತು ಅಪ್ಪ ಮಗಳು ಇಬ್ಬರೂ ಬಹಳ ನಕ್ಕರು.

ಆಯ್ಕೆಯ ಆಟಕ್ಕೆ ತಂಡದ ಹೆಸರು ಬಂತು. ಭಾನುವಾರ ಗೆದ್ದರೆ ಅಲ್ಮಾಟಿಗೆ ಹೋಗಿ ದೊಡ್ಡ ಪಂದ್ಯ ಆಡಬಹುದು. ಅದೇ ವಾರ ಮೆರ್ಕೆಯಿಂದ ಕೆಂಜೆಬೆಕ್‌ನ ಅಕ್ಕ ಬಿಬಿಗುಲ್ ಬಂದಳು, ಸೈನ್ಯದ ಸೇವೆ ಮುಗಿಸಿದ ಮಗ ಮಿರಾಸ್‌ನ ಜೊತೆ. ತಾಯಿ ಸತ್ತ ಮೇಲೆ ಕೆಂಜೆಬೆಕ್‌ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಈ ಅಕ್ಕ. ಅವಳ ಮಗನೆಂದರೆ ಇವನಿಗೆ ಜಿಯೆನ್, ಸೋದರಳಿಯ. ಜಿಯೆನ್ ಬಾಯಿಬಿಟ್ಟು ಕೇಳಿದ್ದನ್ನು ತಾಯಿಯ ತವರಿನವರು ಇಲ್ಲವೆನ್ನುವಂತಿಲ್ಲ. ಅವನ ಮನಸ್ಸು ನೋಯಿಸಿದರೆ ಕೈ ನಡುಗುವ ರೋಗ ಬರುತ್ತದೆಂದು ಅಲ್ಲಿ ಎಲ್ಲರೂ ನಂಬುತ್ತಾರೆ.

ಕೆಂಜೆಬೆಕ್ ಅವನಿಗೆ ಕೊಡಲೆಂದೇ ಒಂದು ಕುದುರೆಮರಿಯನ್ನು ಮೈಯುಜ್ಜಿ ಅಂಗಳದಲ್ಲಿ ಕಟ್ಟಿದ್ದ. ಊಟದ ನಡುವೆ ಎದೆಯುಬ್ಬಿಸಿ ಕೂಗಿದ, "ಕೇಳು ಜಿಯೆನ್! ಈ ಮನೇಲಿ ನಿನಗೇನ್ ಬೇಕು, ಕೇಳು!"

ಮಿರಾಸ್ ಆ ಸಂಜೆಯೆಲ್ಲ ಜಾನ್ಸಾಯಾಳ ಕೋಣೆಯಲ್ಲೇ ಆಡುತ್ತ ಕೂತಿದ್ದವನು. "ಕುದುರೆ ಕಟ್ಕೊಂಡು ನಾನೇನ್ ಮಾಡ್ಲಿ ಮಾಮ? ಆ ಕಂಪ್ಯೂಟರ್ ಕೊಡಿ."

ಕೆಂಜೆಬೆಕ್‌ನ ಮುಖ ಸಪ್ಪಗಾಯಿತು.

"ಕೋಕೆ, ಅದು ನಂದು," ಎಂದಳು ಜಾನ್ಸಾಯಾ.

"ಬೇಡ ಬಿಡೋ ಮಿರಾಸ್, ಅದು ಹುಡುಗೀದು," ಅಂದಳು ಬಿಬಿಗುಲ್. ಅಂದದ್ದೇನೋ ಹೌದು, ಆದರೆ ಮಗನ ಮುಖ ನೋಡಿ ಅಲ್ಲಿಗೇ ಸುಮ್ಮನಾದಳು.

"ಮಾತು ಬಾಯಿಂದ ಹೋಗ್ಬಿಡ್ತು ಮಗಳೇ," ಅಂದ ಕೆಂಜೆಬೆಕ್.

"ಭಾನುವಾರ ಆಟ ಇದೆ, ಕೋಕೆ."

"ಗೊತ್ತು."

ಗೊತ್ತಿದ್ದೂ ಕೊಟ್ಟನಲ್ಲ ಎನ್ನುವುದು ಅವಳ ಹೊಟ್ಟೆಗೆ ಬೆಂಕಿಯಿಟ್ಟಿತು. ಕುರಿ ಕೊಡಲಿ, ಕುದುರೆ ಕೊಡಲಿ, ಅವನದು. ನನ್ನ ಬೆವರನ್ನು ದಾನ ಮಾಡಲು ಅವನ್ಯಾರು? ಅವಳ ಕೋಪ ತಪ್ಪೆಂದು ನಾನಂತೂ ಹೇಳಲಾರೆ.

ಬೆಳಿಗ್ಗೆ ತಂತಿಗಳನ್ನು ಬಿಚ್ಚಲು ಹೋದವಳು ಬಾಗಿಲು ಹಾಕಿಕೊಂಡಳು. ದಪ್ಪ ಕಾರ್ಡನ್ನು ಕಿತ್ತು ಹಾಸಿಗೆಯ ಕೆಳಗೆ ತಳ್ಳಿ, ಅದರ ಜಾಗಕ್ಕೆ ಹಳೆಯ ಬಡಕಲು ಕಾರ್ಡು ಸಿಕ್ಕಿಸಿ, ತಿರುಪು ಬಿಗಿದಳು. ಬೇಕರಿಯ ಲೆಕ್ಕದ ಕಂಪ್ಯೂಟರಿಗೆ ಆ ದಪ್ಪ ಕಾರ್ಡು ಹಾಕಿದರೆ ಭಾನುವಾರದ ಮಟ್ಟಿಗೆ ಹೇಗೋ ಓಡೀತು; ಯಜಮಾನಿಯನ್ನು ಕಾಡಿ ಬೇಡಿ ಒಪ್ಪಿಸಬಹುದು. ಮಿರಾಸ್ ಮಷೀನಿಗೆ ವಯಸ್ಸಾಯಿತೆಂದುಕೊಳ್ಳುತ್ತಾನೆ, ಅಷ್ಟೆ.

ಅಪ್ಪನ ಕೈಯನ್ನು ಮಾತ್ರ ಅವಳು ಮರೆತಿದ್ದಳು.

ಕಾರಿಗೆ ಇಡಲೆಂದು ಕೆಂಜೆಬೆಕ್ ಬಗ್ಗಿ ಡಬ್ಬ ಎತ್ತಿದ. ಎತ್ತಿದವನು ಹಾಗೇ ನಿಂತ. ಅಂಗಳದಲ್ಲಿ ಅಕ್ಕ, ಅಳಿಯ, ಹೆಂಡತಿ, ಬೇಲಿಯಾಚೆ ನೆರೆಯವರು. ಅವನು ತಲೆಯೆತ್ತಿ ಮಗಳ ಕಡೆ ನೋಡಿದ. ಜಾನ್ಸಾಯಾ ಒಂದು ಹೆಜ್ಜೆ ಹಿಂದೆ ಸರಿದಳು. ತಮ್ಮನನ್ನೇ ಬಿಡದವನು, ನನ್ನನ್ನು ಬಿಟ್ಟಾನೆಯೇ?

"ಏನ್ ಮಾಮ, ಎಷ್ಟು ತೂಕ?" ಮಿರಾಸ್ ನಕ್ಕ.

"ಭಾರ ಇದೆ," ಎಂದ ಕೆಂಜೆಬೆಕ್, ಬೇಲಿಯಾಚೆಯವರಿಗೂ ಕೇಳುವಂತೆ. "ಒಳ್ಳೇ ಭಾರ ಇದೆ. ಹುಷಾರಾಗಿ ಇಳಿಸ್ಕೋ."

ಕಾರು ಹೋಯಿತು. ಜಾನ್ಸಾಯಾ ಬೈಗುಳಕ್ಕೆ ಕಾದಳು. ಅಪ್ಪ ಒಳಗೆ ಹೋಗಿ ಚಹಾಕ್ಕೆ ಕೂತ. ಯಾವತ್ತೂ ಅವನು ಕೂರುವುದು ಒಂದು ಕೈಯಲ್ಲಿ ಬಟ್ಟಲು ಹಿಡಿದು, ಇನ್ನೊಂದು ಕೈ ಮೊಣಕಾಲ ಮೇಲಿಟ್ಟು. ಇವತ್ತು ಎರಡೂ ಕೈಯಲ್ಲಿ ಬಟ್ಟಲನ್ನು ಬಿಗಿಯಾಗಿ ಹಿಡಿದಿದ್ದ, ಆದರೂ ಚಹಾ ಅಂಚಿನಿಂದ ತುಳುಕುತ್ತಿತ್ತು.

ಅವಳಿಗೆ ಅಳು ಬಂತು. "ಕೋಕೆ, ನಾಳೆ ಬಸ್ಸಿಗೆ ಮೆರ್ಕೆಗೆ ಹೋಗಿ ಕೊಟ್ಟು ಬರ್ತೀನಿ."

"ಏನನ್ನ?"

"ನಿನಗೆ ಗೊತ್ತಲ್ಲ."

"ನನಗೇನೂ ಗೊತ್ತಿಲ್ಲ," ಎಂದ ಕೆಂಜೆಬೆಕ್. ಅವಳತ್ತ ನೋಡಲಿಲ್ಲ. "ಊರೆದುರು ತೂಕ ಹೇಳಿದ್ದೀನಿ. ತೂಕ ಸರಿಯಾಗಿತ್ತು."

ಇನ್ನು ಅದನ್ನು ಹಿಂದಿರುಗಿಸುವಂತೆಯೂ ಇರಲಿಲ್ಲ. ಹಿಂದಿರುಗಿಸಿದರೆ ಅಪ್ಪನ ಮಾತು ಸುಳ್ಳೆಂದು ಸಂತೆಗೆಲ್ಲ ತಿಳಿಯುತ್ತದೆ. ಜಾನ್ಸಾಯಾ ಅವನ ಕೈಯಿಂದ ಬಟ್ಟಲನ್ನು ತೆಗೆದುಕೊಂಡು, ತುಳುಕದಷ್ಟು ಮಾತ್ರ ಚಹಾ ಹಾಕಿ ಕೊಟ್ಟಳು.