ಕಂಬಕ್ಕೆ ಬಿದ್ದ ಹಳದಿ ಗುರುತು

ನಮ್ಮ ಕಡೆ ರಸ್ತೆ ಬದಿಯಲ್ಲಿ ಬಣ್ಣದ ಡಬ್ಬಿ ಹಿಡಿದವರನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರನ್ನು ಬೇಕಾದರೂ ಕೇಳಿ ನೋಡಿ. ಹೆದ್ದಾರಿ ಅಗಲ ಮಾಡುವಾಗ ಮೊದಲು ಬಂದದ್ದು ಜೆಸಿಬಿ ಅಲ್ಲ, ಬಣ್ಣ. ಗೋಡೆಗೊಂದು ಗೀಟು, ಪಕ್ಕದಲ್ಲೊಂದು ಬಾಣ. ಗೀಟಿನ ಈಚೆಗಿನದು ನಮ್ಮದು, ಆಚೆಗಿನದು ರಸ್ತೆಯದು. ಹಾಗೆ ಆಚೆಗೆ ಹೋದದ್ದರಲ್ಲಿ ಹೆಮ್ಮಾಡಿಯ ಹತ್ತಿರ ಇದ್ದ ನಮ್ಮ ಅಪ್ಪಯ್ಯನ ಹೋಟ್ಲೂ ಒಂದು.

ಆಗ ಅಪ್ಪಯ್ಯ ನಂಬಿ ಕೂತಿದ್ದರು. ಯಾರೋ ದೊಡ್ಡವರು "ಮಳೆಗಾಲ ಮುಗಿಯುವ ತನಕ ಏನೂ ಮಾಡುವುದಿಲ್ಲ" ಎಂದು ಮಾತು ಕೊಟ್ಟಿದ್ದರಂತೆ. ಪಕ್ಕದ ಟೈಲರ್ ಯಾರ ಮಾತನ್ನೂ ನಂಬದೆ ತನ್ನ ಅಂಗಡಿಯ ಹಂಚು, ಅದರಡಿಯ ಪಕ್ಕಾಸು, ಬಾಗಿಲು ಎಲ್ಲವನ್ನೂ ಮೊದಲೇ ಇಳಿಸಿ ಟೆಂಪೋದಲ್ಲಿ ಸಾಗಿಸಿಬಿಟ್ಟ. ಮಳೆ ನಿಲ್ಲುವ ಮೊದಲೇ ಒಂದು ಬೆಳಿಗ್ಗೆ ಜೆಸಿಬಿ ಬಂತು. ಅಪ್ಪಯ್ಯ ಬನ್ಸಿನ ಹಿಟ್ಟು ನಾದುತ್ತಿದ್ದರು. ಹಿಟ್ಟಿನ ಪಾತ್ರೆ ಹೊರಗೆ ತರುವಷ್ಟು ಹೊತ್ತು ಕೊಟ್ಟರು, ಅಷ್ಟೇ. ಹಂಚೆಲ್ಲ ಚೂರು ಚೂರು. ಟೈಲರ್ ಅದೇ ಹಳೆಯ ಹಂಚು ಹಾಕಿ ಬೇರೆ ಕಡೆ ಅಂಗಡಿ ಎಬ್ಬಿಸಿದ. ಅಪ್ಪಯ್ಯ ಅದನ್ನು ನೋಡುತ್ತಾ ವರ್ಷಗಟ್ಟಲೆ ಕೊರಗಿದರು. "ಕೈಲಿ ಇಪ್ಪದನ್ನ ನಾವೇ ತೆಕ್ಕಂಡಿದ್ರೆ ಅಷ್ಟಾದ್ರೂ ಉಳಿತಿತ್ತ್" ಎನ್ನುವುದು ಅವರ ಬಾಯಿಯಿಂದ ದಿನಕ್ಕೊಮ್ಮೆಯಾದರೂ ಬರುತ್ತಿತ್ತು.

ಹೆಮ್ಮಾಡಿಯಿಂದ ವಂಡ್ಸೆಗೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ ಅಜ್ಜನ ಕಾಲದ ಕೆಂಪುಕಲ್ಲಿನ ಕಟ್ಟಡ ಇತ್ತು. ಹಿಂದೆ ಗೇರುಬೀಜ ತುಂಬಿಸಿಡುತ್ತಿದ್ದದ್ದು. ಅದಕ್ಕೆ ಸುಣ್ಣ ಬಳಿದು ಅಪ್ಪಯ್ಯ ಮತ್ತೆ ಹೋಟ್ಲು ತೆರೆದರು. ನನ್ನನ್ನು ಕೊಟ್ಟ ಮನೆಯೂ ಅಲ್ಲೇ ಹತ್ತಿರ. ಹಾಗಾಗಿ ಬೆಳಿಗ್ಗೆ ಬನ್ಸು, ಸಂಜೆ ಗೋಳಿಬಜೆ ನನ್ನ ಜವಾಬ್ದಾರಿ, ಚಾ ಅಪ್ಪಯ್ಯನದು. ಚಾದ ಪಾತ್ರೆಗೆ ಬೇರೆಯವರು ಕೈ ಹಾಕಿದರೆ ಅವರಿಗೆ ಆಗುತ್ತಿರಲಿಲ್ಲ. ಅಮ್ಮ ತೀರಿಹೋದ ಮೇಲೆ ಅವರು ಮನುಷ್ಯರಂತೆ ಇದ್ದದ್ದು ಆ ಒಲೆಯ ಮುಂದೆ ಮಾತ್ರ. ಆ ಹೋಟ್ಲು ಹೋದರೆ ಅಪ್ಪಯ್ಯನೂ ಹೋದ ಹಾಗೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅಂಥ ಹೋಟ್ಲಿನ ಮುಂದೆ ಒಂದು ದಿನ ಜೀಪು ನಿಂತಿತು. ಇಬ್ಬರು ಇಳಿದರು. ಒಬ್ಬನ ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಸಣ್ಣ ಚಕ್ರ, ಅದನ್ನು ಡಾಂಬರಿನ ಮೇಲೆ ಉರುಳಿಸುತ್ತಾ ಬರುತ್ತಿದ್ದ. ಇನ್ನೊಬ್ಬನ ಕೈಯಲ್ಲಿ ಹಳದಿ ಬಣ್ಣ. ತಿರುವಿಗೆ ಮೊದಲು ರಸ್ತೆಯ ಮೇಲೆ ಒಂದು ಬಾಣ ಬರೆದ. ಆಮೇಲೆ ನೇರವಾಗಿ ಬಂದು ನಮ್ಮ ಜಗಲಿಯ ಮೂಲೆಯ ಕಂಬ ಮುಟ್ಟಿ ನೋಡಿದ, ಕಂಬದಿಂದ ಡಾಂಬರಿನವರೆಗೆ ಟೇಪು ಹಿಡಿದ, ಫೋಟೋ ತೆಗೆದ, ಕಂಬಕ್ಕೆ ಒಂದು ಸೊನ್ನೆ ಸುತ್ತಿ ಒಳಗೆ ಎಂಥದೋ ನಂಬರು ಬರೆದ. ಅಪ್ಪಯ್ಯ ಕೈಯಲ್ಲಿದ್ದ ಚಾದ ಬಟ್ಟೆಯನ್ನು ಹಿಂಡುತ್ತಲೇ ನಿಂತರು.

"ಹ್ವಾಯ್, ಇದೆಂತ ಮಾಡ್ತಿದ್ರಿ ನೀವ್?" ಎಂದು ನಾನೇ ಕೇಳಿದೆ.

ಅವರಿಗೆ ಕನ್ನಡ ಬರುವುದಿಲ್ಲ. ನಗುತ್ತಾ ಕೈ ಮುಗಿದರು. ಸಕ್ಕರೆ ಇಲ್ಲದ ಚಾ ಕೇಳಿ ಕುಡಿದರು. ಹೊರಡುವಾಗ ಇನ್ನೊಮ್ಮೆ ಕೈ ಮುಗಿದರು. ನನಗೆ ಅನುಮಾನ ಬಂದದ್ದೇ ಆ ಕೈ ಮುಗಿದದ್ದರಿಂದ. ಚಾಕ್ಕೆ ಬರುವವರು ಯಾರು ಮಾರಾಯ್ರೆ ಎರಡೆರಡು ಸಲ ಕೈ ಮುಗಿಯುತ್ತಾರೆ? ಏನೋ ಕಿತ್ತುಕೊಳ್ಳಲು ಬಂದವರೇ ಇಷ್ಟು ನಯ ಮಾಡುವುದು.

ಎದುರು ಬದಿಯಲ್ಲಿ ಒಂದು ಜಿನಸು ಅಂಗಡಿ ಇದೆ. ಅದೂ ರಸ್ತೆಗೆ ತಾಗಿಯೇ ಇದೆ. ಅದಕ್ಕೆ ಒಂದು ಚುಕ್ಕೆ ಬಣ್ಣ ಕೂಡ ಬಿದ್ದಿರಲಿಲ್ಲ. ಜೀಪಿನವರು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಅಂಗಡಿಯವರು ಮಾತ್ರ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು.

"ಕಂಡ್ಯಾ?" ಎಂದರು ಅಪ್ಪಯ್ಯ ಮೆಲ್ಲಗೆ. "ರಸ್ತೆ ನಮ್ ಬದಿಗೇ ಬಪ್ಪುದ್. ಆ ಬದಿ ಉಳುಸ್ಕಂಡ್ರ್."

"ಅಂಗ್ಡಿಯವ್ರ್ ಯಾರ್ನೋ ಕಂಡಿರ್ಕ್ ಅಪ್ಪಯ್ಯ, ಇಲ್ದಿರೆ ಹ್ಯಾಂಗೆ?" ಎಂದೆ. ಅವತ್ತಿನಿಂದ ನಾನು ಅಲ್ಲಿ ಸಾಸಿವೆ ಕೂಡ ಕೊಳ್ಳಲಿಲ್ಲ. ಎದುರಿಗೆ ಅಂಗಡಿ ಇದ್ದರೂ ವಂಡ್ಸೆಯ ತನಕ ಹೋಗಿ ತರುತ್ತಿದ್ದೆ.

ಆಮೇಲೆ ಒಂದೊಂದೇ ಶುರುವಾಯಿತು. ನಮ್ಮ ರಸ್ತೆಯ ಹೊಂಡಗಳು ಎಷ್ಟು ಹಳೆಯವೆಂದರೆ ಬಸ್ಸಿನವರು ಕಣ್ಣು ಮುಚ್ಚಿ ತಪ್ಪಿಸುತ್ತಿದ್ದರು. ಅವನ್ನೆಲ್ಲ ಒಂದೇ ವಾರದಲ್ಲಿ ಮುಚ್ಚಿದರು. ರಸ್ತೆಗೆ ಬಾಗಿದ ಕೊಂಬೆ ಕಡಿದರು. ಜೋತುಬಿದ್ದ ತಂತಿ ಎತ್ತಿ ಕಟ್ಟಿದರು. ಯಾರಾದರೂ ಅರ್ಜಿ ಕೊಟ್ಟಿದ್ದರಾ? ಇಲ್ಲ. ಚುನಾವಣೆ ಇತ್ತಾ? ಅದೂ ಇಲ್ಲ. ಕಾರಣ ಇಲ್ಲದೆ ನಮ್ಮಲ್ಲಿ ಯಾರಾದರೂ ಹೊಂಡ ಮುಚ್ಚಿದ್ದುಂಟಾ? ಚಾ ಕುಡಿಯಲು ಬಂದವರೆಲ್ಲ ತಲೆಗೊಂದು ಮಾತು ಹೇಳಿದರು. ಕೊಲ್ಲೂರಿಗೆ ದೊಡ್ಡ ರಸ್ತೆಯಂತೆ ಅಂದ ಒಬ್ಬ. ಅದಕ್ಕೆ ನಾಲ್ಕು ಪಥ ಅಂದ ಇನ್ನೊಬ್ಬ. ಬೈಂದೂರಿನಲ್ಲೂ ಹೀಗೇ ಬಾಣ ಬರೆದಿದ್ದಾರೆ, ಕೋಟದ ಹತ್ತಿರವೂ ಬರೆದಿದ್ದಾರೆ ಎಂದರು ಬಸ್ಸಿನವರು.

ಪಂಚಾಯತಿಗೆ ಹೋಗಿ ಕೇಳಿದೆ. "ನಮಗೆ ಮಾಹಿತಿ ಇಲ್ಲ" ಎಂದರು. ಹೆದ್ದಾರಿಯ ಸಮಯದಲ್ಲೂ ಇದನ್ನೇ ಹೇಳಿದ್ದು! ಪಿತ್ತ ನೆತ್ತಿಗೇರಿತು. "ಮಾಹಿತಿ ಇಲ್ದಿರೆ ಫ್ಯಾನ್ ಹಾಕಿ ಕೂಕಂಡದ್ದ್ ಎಂತಕೆ?" ಎಂದು ಅಲ್ಲಿದ್ದವರೆಲ್ಲರ ಎದುರಿಗೇ ಕೇಳಿ ಬಂದೆ. ಬಂದು ಅಪ್ಪಯ್ಯನಿಗೆ ವರದಿ ಒಪ್ಪಿಸಿದೆ. ಅವರು ಎದ್ದು ಹೋಗಿ ಕಂಬದ ಹಳದಿ ಗುರುತಿನ ಮೇಲೆ ಕೈಯಾಡಿಸಿದರು.

"ಇಳ್ಸುವ," ಎಂದರು. "ಈ ಸಲ ಒಂದ್ ಹಂಚೂ ಒಡುಕೆ ಬಿಡುದಿಲ್ಲೆ ನಾನ್."

ಮರುದಿನ ನನ್ನ ಗಂಡ ಮತ್ತು ಇಬ್ಬರು ಕೆಲಸದವರು ಹಂಚಿನ ಮಾಡಿಗೆ ಹತ್ತಿದರು. ಅಪ್ಪಯ್ಯ ಕೆಳಗೆ ನಿಂತು ಒಂದೊಂದು ಹಂಚನ್ನೂ ಕೈಯಲ್ಲಿ ತೆಗೆದುಕೊಂಡು, ಪಾಚಿ ಒರೆಸಿ, ಗೋಡೆಯ ಬದಿಗೆ ಸಾಲಾಗಿ ನಿಲ್ಲಿಸಿದರು. ಪಕ್ಕಾಸು ಇಳಿಯಿತು, ರೀಪು ಇಳಿಯಿತು. ಬಾಗಿಲು ಚೌಕಟ್ಟು ಸಮೇತ ಹೊರಗೆ ಬಂತು. ಎದುರುಗೋಡೆಯ ಕಲ್ಲುಗಳನ್ನೂ ಬಿಡಿಸಿದರು. ಸಂಜೆಯಾಗುವಾಗ ಉಳಿದದ್ದು ಹಿಂದಿನ ಗೋಡೆ, ಒಲೆ, ಮೂಲೆಯ ಆ ಕಂಬ. ಕಂಬವನ್ನು ಕಡೆಗೆ ಬಿಡಿಸುವ ಎಂದುಕೊಂಡಿದ್ದೆವು. ಅಪ್ಪಯ್ಯನ ಮುಖದಲ್ಲಿ ದುಃಖ ಇರಲಿಲ್ಲ, ಗೆದ್ದವರ ಕಳೆ ಇತ್ತು. ಎದುರಿನ ಅಂಗಡಿಯವರು ರಸ್ತೆ ದಾಟಿ ಬಂದು "ಎಂತ ಇದ್, ಯಾಕೆ ತೆಗಿತಿದ್ರಿ?" ಎಂದು ಕೇಳಿದರು. ಅಪ್ಪಯ್ಯ ಹಂಚು ಒರೆಸುತ್ತಲೇ ಇದ್ದರು. ಉತ್ತರ ನಾನು ಕೊಟ್ಟೆ. "ನಿಮ್ಗೆ ಗೊತ್ತಿಲ್ದೇ ಇಪ್ಪುದಾ? ಸುಮ್ನೆ ಹೋಯ್ನಿ" ಎಂದೆ. ಅವರು ಮುಖ ಸಣ್ಣದು ಮಾಡಿಕೊಂಡು ಹೋದರು.

ಎರಡು ದಿನ ಕಳೆದು ಒಬ್ಬ ಪೊಲೀಸು ಬೈಕಿನಲ್ಲಿ ಬಂದ. ನಾಳೆ ಬೆಳಿಗ್ಗೆ ರಸ್ತೆ ಬಂದ್, ದನ ನಾಯಿ ಕಟ್ಟಿ ಹಾಕಿ, ಮಕ್ಕಳನ್ನು ಬದಿಗೆ ನಿಲ್ಲಿಸಿಕೊಳ್ಳಿ ಎಂದ.

"ಜೆಸಿಬಿ ಬತ್ತಾ?" ಎಂದು ಕೇಳಿದರು ಅಪ್ಪಯ್ಯ.

"ಜೆಸಿಬಿ ಎಂತಕೆ ಅಜ್ಜ? ಸೈಕಲ್ ರೇಸ್!"

ಅವನೇ ಬಿಡಿಸಿ ಹೇಳಿದ. ಬೇರೆ ಬೇರೆ ದೇಶದವರು ಬಂದಿದ್ದಾರಂತೆ, ಸೈಕಲ್ ತುಳಿಯುವುದೇ ಅವರ ಕಸುಬಂತೆ. ಒಂದೇ ದಿನದ್ದಲ್ಲ, ದಿನಕ್ಕೊಂದು ಊರಿನಿಂದ ಇನ್ನೊಂದು ಊರಿಗೆ ತುಳಿಯುತ್ತಾ ಕರಾವಳಿ ಉದ್ದಕ್ಕೂ ಇಳಿಯುವುದು. ನಾಳೆಯ ಪಾಳಿ ಬೈಂದೂರಿನಿಂದ ಕೊಲ್ಲೂರಿಗೆ ಹತ್ತಿ, ವಂಡ್ಸೆಗೆ ಇಳಿದು, ಕುಂದಾಪುರ ದಾಟಿ ಬ್ರಹ್ಮಾವರಕ್ಕೆ. ಎಲ್ಲ ದಿನಗಳ ಹೊತ್ತು ಕೂಡಿಸಿ ಯಾರದು ಕಮ್ಮಿಯೋ ಅವನು ಗೆದ್ದ. ಬಾಣ ಅವರಿಗೆ ತಿರುವು ತೋರಿಸಲು. ಕಂಬದ ಸೊನ್ನೆ, ಇಲ್ಲಿ ಯಾರಾದರೂ ಬಡಿದುಕೊಂಡಾರು ಎಂದು ಎಚ್ಚರಿಕೆಗೆ.

ನಾನು ನಂಬಲಿಲ್ಲ. "ಸೈಕಲ್ ತುಳುಕೆ ಹೊಂಡ ಮುಚ್ಚುದಾ? ನಾವ್ ಇಷ್ಟ್ ವರ್ಷ ತುಳಿಲಿಲ್ಯಾ?" ಎಂದೆ. ಅಪ್ಪಯ್ಯನಿಗೆ ಬೇರೆಯೇ ಅನುಮಾನ. "ಇವತ್ ಮೊದ್ಲ್ ಬಂದವ ಕಡಿಗೆ ಸೋಲೂಕೂ ಸಾಕ್ ಅಂದ್ರೆ, ಇವತ್ ಮೊದ್ಲ್ ಬಂದದ್ದ್ ಎಂತಕೆ?" ಎಂದು ಕೇಳಿದರು. ಪೊಲೀಸು ಬೈಕು ಸ್ಟಾರ್ಟ್ ಮಾಡಿದ.

ಬೆಳಿಗ್ಗೆ ಜೀಪಿನ ಆ ಇಬ್ಬರೇ ಬಂದರು. ಮಾಡೂ ಇಲ್ಲದ, ಬಾಗಿಲೂ ಇಲ್ಲದ ನಮ್ಮ ಹೋಟ್ಲನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋಟ್ಲು ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದರು. ಅಪ್ಪಯ್ಯ ಬದಿಯಲ್ಲಿದ್ದ ಹಂಚಿನ ಸಾಲು ತೋರಿಸಿದರು. ಜೀಪಿನಿಂದ ದಪ್ಪದ ನೀಲಿ ಹಾಸಿಗೆಯಂಥದ್ದನ್ನು ಇಳಿಸಿ, ಒಂಟಿಯಾಗಿ ನಿಂತಿದ್ದ ಕಂಬಕ್ಕೆ ಸುತ್ತಿ, ಹಗ್ಗ ಬಿಗಿದರು. ಬಾಣಂತಿಗೆ ಬಟ್ಟೆ ಕಟ್ಟಿದ ಹಾಗೆ ಜೋಪಾನವಾಗಿ ಕಟ್ಟಿದರು. ಎಂತ ಸಾವು ಮಾರಾಯ್ರೆ, ನಗುವುದಾ ಅಳುವುದಾ ನನಗೆ ಗೊತ್ತಾಗಲಿಲ್ಲ.

ಬಿಸಿಲು ಏರುವಾಗ ಮೊದಲು ಸೈರನ್ನು ಕೇಳಿತು. ಪೊಲೀಸ್ ಜೀಪು, ಬೈಕಿನಲ್ಲಿ ಹಿಂದುಮುಂದಾಗಿ ಕೂತ ಕ್ಯಾಮೆರಾದವರು, ತಲೆಯ ಮೇಲೆ ಸೈಕಲ್ ಹೊತ್ತ ಕಾರುಗಳು. ಆಮೇಲೆ ಒಮ್ಮೆಲೇ ಅವರು. ಬೆಲ್ಲು ಇಲ್ಲ, ಮಾತಿಲ್ಲ. ಸರ್‍ರೆಂದು ಒಂದು ಸದ್ದು, ಮುಖಕ್ಕೆ ಬಡಿದ ಗಾಳಿ, ಬಣ್ಣಬಣ್ಣದ ಬೆನ್ನುಗಳು. ಒಬ್ಬರ ಚಕ್ರ ಇನ್ನೊಬ್ಬರ ಚಕ್ರಕ್ಕೆ ತಾಗಿಯೇ ಬಿಟ್ಟಿತು ಎನ್ನುವಷ್ಟು ಹತ್ತಿರ. ಆ ಗುಂಪಿನ ಹೊರಬದಿಯಲ್ಲಿದ್ದ ಒಬ್ಬನಿಗೆ ತಿರುವು ಸಿಕ್ಕಲಿಲ್ಲ. ಡಾಂಬರು ಬಿಟ್ಟು ಮಣ್ಣಿಗೆ ಬಂದ, ಭುಜ ಧಪ್ಪೆಂದು ನೀಲಿ ಹಾಸಿಗೆಗೆ ಬಡಿಯಿತು. ಅಪ್ಪಯ್ಯ "ಅಯ್ಯೋ ಮಗಾ!" ಎಂದು ಕೂಗಿಬಿಟ್ಟರು. ಅವನು ಓಲಾಡಿದ, ಒಂದು ಕಾಲು ಊರಿದ, ಮತ್ತೆ ರಸ್ತೆಗೆ ಹತ್ತಿ ಹೋಗಿಯೇ ಹೋದ. ಬೋಳು ಕಲ್ಲಾಗಿದ್ದರೆ ಭುಜ ಮುರಿಯುತ್ತಿತ್ತು, ಅದರಲ್ಲಿ ಅನುಮಾನ ಇಲ್ಲ.

ನಾವು ಉಸಿರು ಬಿಡುವಷ್ಟರಲ್ಲಿ ರಸ್ತೆ ಖಾಲಿ. ಇಷ್ಟಕ್ಕೇನಾ ಎಂದು ಜನ ಗೊಣಗುತ್ತಾ ಹೋದರು. ಅಪ್ಪಯ್ಯ ಮಾತ್ರ ಕಂಬದ ಬಳಿ ನಿಂತು ನಗಲು ಶುರುಮಾಡಿದರು. ಅಮ್ಮ ಹೋದ ಮೇಲೆ ಅವರು ಹೊಟ್ಟೆ ಹಿಡಿದು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ರಸ್ತೆ ಅಗಲ ಮಾಡುದಿಲ್ಲೆ ಹೆಣ್ಣೆ! ನಮ್ ಹೋಟ್ಲ್ ಹೋತಿಲ್ಲೆ! ನಾಳೆಯೇ ಹಂಚ್ ಹಾಕುವ!" ಎಂದರು. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ತಮ್ಮ ಪೆದ್ದುತನವನ್ನು ತಾವೇ ಹೇಳಿಕೊಂಡು ನಕ್ಕರು. ನನಗೂ ಬಹಳ ಸಂತೋಷವಾಯಿತು.

ಮರುದಿನ ಎದುರುಗೋಡೆಯ ಮೊದಲ ಸಾಲು ಕಲ್ಲು ಇಡುವಾಗ ಪಂಚಾಯತಿಯವರು ಬಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಹಳೇ ಕಟ್ಟಡ ಇದ್ದ ಹಾಗೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬಿಚ್ಚಿದ ಮೇಲೆ ಕಟ್ಟುವುದು ಹೊಸ ಕಟ್ಟಡದ ಲೆಕ್ಕ. ಹೊಸದಾದರೆ ರಸ್ತೆಯಿಂದ ಇಷ್ಟು ಜಾಗ ಬಿಡಬೇಕು. ಅಷ್ಟು ಬಿಟ್ಟರೆ ನಮಗೆ ಉಳಿಯುವುದು ಹಿಂದಿನ ಗೋಡೆ ಮತ್ತು ಅದರ ಹಿಂದೆ ನೀರು ಹರಿಯುವ ತೋಡು.

"ಅದೇ ಹಂಚ್, ಅದೇ ಕಲ್ಲ್, ಅದೇ ಜಾಗ. ಹೊಸ್ತ್ ಹ್ಯಾಂಗಾತ್ತ್?" ಎಂದು ನಾನು ಜಗಳಕ್ಕೇ ನಿಂತೆ. ಅಳುತ್ತಲೇ ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. "ಯಾರೋ ಫೋನ್ ಮಾಡಿ ಹೇಳಿದ್ರಮ್ಮ, ಬರದೆ ಇರಲು ಆಗುವುದಿಲ್ಲ" ಎಂದರು. ಯಾರು ಎಂದು ಹೇಳಲಿಲ್ಲ. ನಾನು ರಸ್ತೆಯ ಆಚೆ ನೋಡಿದೆ. ಜಿನಸು ಅಂಗಡಿಯವರು ಗಿರಾಕಿಗೆ ಬೆಲ್ಲ ತೂಗುತ್ತಿದ್ದರು.

ಮೇಲಿನ ಕಚೇರಿಗೆ ಅರ್ಜಿ ಕೊಟ್ಟು ತಿರುಗಿದ್ದಾಯಿತು, ಆಗಲಿಲ್ಲ. ಟಾರ್ಪಾಲು ಕಟ್ಟಿ ಚಾ ಮಾಡಿದರೆ ಅಡ್ಡಿಯಿಲ್ಲವಂತೆ, ಹಂಚಿನ ಮಾಡು ಮಾತ್ರ ಹಾಕಕೂಡದಂತೆ. ಆ ಟಾರ್ಪಾಲನ್ನು ತಂದುಕೊಟ್ಟವರು ಎದುರಿನ ಅಂಗಡಿಯವರೇ. ಕರಿಮೆಣಸು ಒಣಗಿಸುವ, ಇನ್ನೂ ಗಟ್ಟಿಯಾಗಿದ್ದ ಒಳ್ಳೆಯ ಟಾರ್ಪಾಲು. ಮನಸ್ಸು ಕರಗಿ ತಂದದ್ದಾ, ಮನಸ್ಸು ಚುಚ್ಚಿ ತಂದದ್ದಾ ಎಂದು ನನಗೆ ಇವತ್ತಿಗೂ ಅನುಮಾನ. ಅಪ್ಪಯ್ಯ ಎರಡೂ ಕೈ ಚಾಚಿ ತೆಗೆದುಕೊಂಡರು.

ಕಟ್ಟಿ ಮುಗಿದ ಮೇಲೆ ಅದರ ನೆರಳಿನಲ್ಲಿ ಬೆಂಚು ಹಾಕಿ ಕೂತೆವು. ಗಾಳಿಗೆ ತಲೆಯ ಮೇಲೆ ಪಟಪಟ ಎನ್ನುತ್ತಿತ್ತು.

"ಆಗಳಿಕೆ ಹೆದ್ದಾರಿಯವ್ರ್ ಹೋಟ್ಲ್ ಕೆಡ್ಗಿದ್ರ್. ಬೈದ್ ಬೈದ್ ಹ್ಯಾಂಗೋ ದಿನ ತೆಗ್ದೆ," ಎಂದರು ಅಪ್ಪಯ್ಯ. "ಈ ಸಲ ಯಾರೂ ಎಂತದೂ ಮಾಡ್ಲಿಲ್ಲೆ. ಯಾರಿಗೆ ಬೈಲಿ ಮಗಾ ನಾನ್?"

"ನಂಗೆ ಬೈಯಿ ಅಪ್ಪಯ್ಯ," ಎಂದೆ.

ಅಪ್ಪಯ್ಯ ಎದ್ದು ಹೋಗಿ ಚಾಕ್ಕೆ ನೀರಿಟ್ಟರು. ನೀರು ಕುದಿದರೂ ಪುಡಿಯ ಡಬ್ಬಿ ಹಿಡಿದು ಕಂಬವನ್ನೇ ನೋಡುತ್ತಾ ನಿಂತರು. ಆ ಡಬ್ಬಿಯನ್ನು ಕೈಯಿಂದ ತೆಗೆದುಕೊಂಡು ನಾನೇ ಚಾ ಮಾಡಿದೆ. ಅವರು ಬೇಡ ಎನ್ನಲಿಲ್ಲ.