ಸೆರೆಯಿಂದ ಬರೆದ ಕ್ಷೇಮದ ಕಾಗದ

ಪದ್ಮನಾಭನಗರದಲ್ಲಿ ರಿಟೈರ್ ಆಗಿದ್ದ ಹಿಸ್ಟರಿ ಮೇಷ್ಟ್ರೊಬ್ಬರ ಪುಸ್ತಕವನ್ನು ನಾನು ಟೈಪ್ ಮಾಡಿಕೊಡುತ್ತಿದ್ದೆ. ಇನ್ನೂರು ವರ್ಷದ ಹಿಂದೆ ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದ ಇಂಗ್ಲಿಷ್ ಸಿಪಾಯಿಗಳು ಊರಿಗೆ ಬರೆದ ಕಾಗದಗಳ ಪುಸ್ತಕ ಅದು. ಮೇಷ್ಟ್ರು ಹೇಳುವುದು, ನಾನು ಟೈಪ್ ಮಾಡುವುದು, ಅಷ್ಟೇ ನಮ್ಮ ಮಾತುಕತೆ.

ಒಂದು ದಿನ ಮೇಷ್ಟ್ರು ಒಬ್ಬ ಸಿಪಾಯಿಯ ಕಾಗದ ಹಿಡಿದು, "ಇವನು ಅಮ್ಮನಿಗೆ ಏನು ಬರೀತಾನೆ ನೋಡಮ್ಮ. ಊಟ ಚೆನ್ನಾಗಿದೆ, ಹವಾ ಚೆನ್ನಾಗಿದೆ, ಯೋಚನೆ ಮಾಡಬೇಡ. ಅಂದ್ರೆ ಸುಖವಾಗಿದ್ದ. ಹಾಗೇ ಹಾಕು," ಅಂದರು.

ನನ್ನ ಬೆರಳು ಏಳಲಿಲ್ಲ. ಹಾಗೆ ಅಚ್ಚಾದರೆ ಆ ಸಿಪಾಯಿ ಪಟ್ಟ ಕಷ್ಟವೆಲ್ಲ ಸುಳ್ಳಾಗುತ್ತಿತ್ತು, ಅದೂ ನನ್ನ ಕೈಯಿಂದ.

"ಸಾರ್, ಆ ಕಾಗದಾನ ಕಾವಲಿನವರು ಓದ್ತಿದ್ರಾ?"

"ಓದದೆ ಬಿಡ್ತಾರೇನಮ್ಮ?"

"ನಮ್ಮ ಹಾಸ್ಟೆಲ್ ವಾರ್ಡನ್ನೂ ನಮ್ಮ ಕಾಗದ ಓದ್ತಾರೆ ಸಾರ್. ಅದಕ್ಕೇ ನಾನೂ ಪ್ರತಿ ವಾರ ಮನೆಗೆ ಊಟ ಚೆನ್ನಾಗಿದೆ ಅಂತ ಬರೀತೀನಿ."

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಜವಾಗ್ಲೂ ಹೇಗಿದೆ?"

"ಅನ್ನದಲ್ಲಿ ಕಲ್ಲು ಸಾರ್. ಸಾರಲ್ಲಿ ಬೇಳೆ ಇಲ್ಲ."

ಅವರು, ಸಿಪಾಯಿಗಳು ಸುಖವಾಗಿದ್ದರು ಅಂತ ಬರೆಸಿದ್ದ ಇಡೀ ಅಧ್ಯಾಯಕ್ಕೆ ಅಡ್ಡಗೆರೆ ಎಳೆದರು. ಹನ್ನೆರಡು ಪುಟ, ಎರಡೆರಡು ಕಾರ್ಬನ್ ಇಟ್ಟು ಮೊದಲಿಂದ ಟೈಪ್ ಮಾಡಿದೆ. ಆ ಸಿಪಾಯಿಗೆ ನ್ಯಾಯ ಸಿಕ್ಕಿತೋ ಇಲ್ಲವೋ, ನನಗಂತೂ ಕಠಿಣ ಸಜೆಯೇ ಆಯಿತು.