ಕೆಂಚಪ್ಪನ ಅಂಗೈ

“ಮಾಗಿ ಚಳೀಲಿ ಕೆಸರಿಗಿಳಿದು ಬರಿಗೈಲಿ ಮುರುಗೋಡು ಮೀನು ಹಿಡಿದೋನು ಅಂದ್ರೆ ಕೆಂಚಪ್ಪ ಒಬ್ನೇ. ಪಾಪ, ಹೆಂಡ್ತಿ ಬೆರಳು ಆಲೆಮನೆ ಗಾಣಕ್ಕೆ ಸಿಕ್ಕೋದ್ಮೇಲೆ ಆ ದುಃಖಕ್ಕೆ ಮೀನೇ ಬಿಟ್ಬಿಟ್ಟ.”

ಚೌಳಹಿರಿಯೂರಿನ ಕಡೆ ಯಾವ ಹೋಟೆಲ್ ಬೆಂಚಿನ ಮೇಲೆ ಕೇಳಿದರೂ ಇದನ್ನೇ ಒಪ್ಪಿಸುತ್ತಾರೆ. ಇದರಲ್ಲಿ ನಿಜವಾದದ್ದು ಒಂದೇ: ಅವನು ಮೀನು ಬಿಟ್ಟದ್ದು. ಏಕೆ ಬಿಟ್ಟನೆಂದು ನಾನು ಹೇಳುತ್ತೇನೆ.

ಕೆಂಚಪ್ಪ ನಮ್ಮೂರ ಕೆರೆಯ ಮೀನುಗಾರ. ಆಳೆತ್ತರದ ಮೈ, ಎಣ್ಣೆ ತೀಡಿದ ಮೀಸೆ, ಹೆಗಲ ಮೇಲೆ ಕರಿಕಂಬಳಿ. ಎಪ್ಪತ್ತರ ದಶಕದ ಕೊನೆಯಲ್ಲಿ ಕಡೂರಿನ ಸಂತೆಗೆ ಅವನು ಬುಟ್ಟಿ ಇಳಿಸಿದರೆ ಜನ ಮುತ್ತುತ್ತಿದ್ದರು. ಒದ್ದೆ ಗೋಣಿಯಡಿ ಮೀನು ಇನ್ನೂ ಜೀವಂತವಾಗಿ ಹೊರಳುತ್ತಿತ್ತು. “ಎರಡು ಕಡೆ ಮುಳ್ಳು ತಪ್ಸಿ ಕತ್ತು ಹಿಡ್ಕಂಡ್ರೆ ಸಾಕು, ಹೆಂಡ್ತಿಗಿಂತ ಸುಮ್ನಿರ್ತದೆ ಕಣ್ರೋ” ಎನ್ನುವುದು ಅವನ ಮಾತು. ಹೆಂಗಸು ಕೆರೆಗಿಳಿದರೆ ಮೀನು ಕೈಗೆ ಹತ್ತುವುದಿಲ್ಲ ಎಂಬ ಊರಿನ ಕಟ್ಟಳೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಸಾರುತ್ತಿದ್ದವನೂ ಅವನೇ.

ಒಂದು ಮಾಗಿಯ ಮುಂಜಾವ, ರಾಗಿ ಕಣಕ್ಕೆ ಹೊರಟವನು ಕೆರೆ ಏರಿಯ ಮೇಲೆ ಅವನನ್ನು ಕಂಡೆ. ಕಂಬಳಿ ಹೊದ್ದು ಬೀಡಿ ಸೇದುತ್ತಿದ್ದ. ಸೊಂಟದುದ್ದ ನೀರಿನಲ್ಲಿ, ಸೀರೆ ಎತ್ತಿಕಟ್ಟಿ, ಅಂಗಾಲಿನಿಂದ ಕೆಸರು ತಡವುತ್ತ ನಿಂತಿದ್ದವಳು ಅವನ ಹೆಂಡತಿ ಸಣ್ಣಕ್ಕ.

“ಏನಪ್ಪಾ ಕೆಂಚಪ್ಪ, ಹೆಂಗಸ್ರು ಇಳೀಬಾರ್ದು ಅಂತಿದ್ಯಲ್ಲ?”

“ಬಟ್ಟೆ ಒಗೆಯಕ್ಕೆ ಬಂದವ್ಳೆ ಕಣೋ. ನಿಂಗ್ಯಾಕೆ?”

ಸಣ್ಣಕ್ಕ ಬಗ್ಗಿ ಎದ್ದಳು. ಕೈಯಲ್ಲಿ ಒದ್ದಾಡುವ ಉದ್ದ ಮೀಸೆಯ ಮುರುಗೋಡು. “ಹೂಂ ಕಣಣ್ಣ, ಈ ಬಟ್ಟೆಗೆ ಮೀಸೆ ಬೇರೆ ಐತೆ!”

ಅವನು ನಗಲಿಲ್ಲ. ದೂರದಲ್ಲಿ ಯಾರೋ ಕೆಮ್ಮಿದ್ದು ಕೇಳಿದೊಡನೆ ಒಂದು ಹಿಡಿ ಕೆಸರು ತೆಗೆದು ಮೊಣಕಾಲಿಗೆ, ಮೊಣಕೈಗೆ ಬಳಿದುಕೊಂಡ. ಕಂಡದ್ದನ್ನು ನಾನು ಅಂದೇ ಹೋಟೆಲಿನಲ್ಲಿ ಹೇಳಿದೆ. “ನಿಂದು ಯಾವಾಗ್ಲೂ ಎದುರುವಾದ ಕಣಯ್ಯ” ಎಂದು ನಕ್ಕರು.

ಮರುವರ್ಷದ ಚಳಿಗೆ ಮೀನಿನ ಮುಳ್ಳು ಸಣ್ಣಕ್ಕನ ಬಲಗೈಯ ಬೆರಳ ಬುಡದಲ್ಲಿ ಮುರಿದು ಉಳಿಯಿತು. ಕೈ ಮೊಣಕೈವರೆಗೆ ಬಾತಿತು. ತರೀಕೆರೆ ಆಸ್ಪತ್ರೆಗೆ ಕರೆದೊಯ್ಯೆಂದು ನಾನೇ ಅವನ ಬಾಗಿಲಲ್ಲಿ ನಿಂತು ಹೇಳಿದೆ.

“ಡಾಕ್ಟ್ರು ಏನ್ ಚುಚ್ತು ಅಂತಾರೆ. ಊರೆಲ್ಲ ನಗ್ಲಿ ಅಂತೀಯಾ? ಅರಿಶಿನ ಹಾಕೀನಿ, ಹೋಗಲೇ!”

ಒಳಗೆ ಅವಳು ನರಳುತ್ತಿದ್ದಳು. ನಾನು ಅಜ್ಜಂಪುರಕ್ಕೆ ಹೋಗಿ ಅವಳ ತಮ್ಮನಿಗೆ ತಿಳಿಸಿದೆ. ಅವನು ಬಂದು ಅಕ್ಕನನ್ನು ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಎರಡು ಬೆರಳು ಕೊಳೆತಿದ್ದವು, ಕತ್ತರಿಸಿದರು. ಅವಳು ಗಂಡನ ಮನೆಗೆ ಮತ್ತೆ ಬರಲಿಲ್ಲ. ಕೆಂಚಪ್ಪ ಊರಿಗೆಲ್ಲ ಗಾಣದ ಕತೆ ಹಂಚಿದ. ಆ ವರ್ಷ ನಮ್ಮೂರಲ್ಲಿ ಯಾರೂ ಕಬ್ಬೇ ಹಾಕಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ಕೆರೆಗಿಳಿಯುವವಳು ಹೋದ ಮೇಲೆ ಅವನ ಬುಟ್ಟಿಯೂ ಅಟ್ಟ ಸೇರಿತು. ಅದಕ್ಕೆ ಜನ ದುಃಖವೆಂದು ಹೆಸರಿಟ್ಟರು.

ಕೆಲವು ವರ್ಷಗಳ ನಂತರ ಅವನು ಸತ್ತಾಗ ಹೆಣಕ್ಕೆ ನೀರು ಹಾಕಿದವರಲ್ಲಿ ನಾನೂ ಒಬ್ಬ. ಅವನ ಅಂಗೈ ತಿರುಗಿಸಿ ನೋಡಿದೆ. ಮುಳ್ಳಿನ ಒಂದು ಗೀರೂ ಇರಲಿಲ್ಲ.

ಸಣ್ಣಕ್ಕ ಅಜ್ಜಂಪುರದಲ್ಲಿ ತಮ್ಮನ ಮನೆಯಲ್ಲಿ ಇನ್ನೂ ಇದ್ದಾಳೆ. ಕೇಳಿದವರಿಗೆ ಕೈ ಚಾಚಿ ತೋರಿಸುತ್ತಾಳೆ. ಬಲಗೈಯಲ್ಲಿ ಮೂರು ಬೆರಳು. ಎರಡೂ ಅಂಗೈಗಳಲ್ಲಿ ಮಣಿಕಟ್ಟಿನ ತನಕ ಮುಳ್ಳು ಚುಚ್ಚಿದ ಬಿಳಿ ಚುಕ್ಕೆಗಳು. ಗಾಣಕ್ಕೆ ಸಿಕ್ಕ ಕೈಗೆ ಆ ಚುಕ್ಕೆಗಳು ಎಲ್ಲಿಂದ ಬಂದವೆಂದು, ಬೆಂಚಿನ ಮೇಲೆ ಕೂತವರು ಬಸ್ಸು ಹತ್ತಿ ಹೋಗಿ ಕೇಳಿಕೊಂಡು ಬರಲಿ.